ಕೈಗಾರಿಕಾ ಪ್ರಯೋಗ ವಿನ್ಯಾಸ

ತಯಾರಿಕೆಯ ಮೇಲೆ ಪ್ರಭಾವ ಬೀರುವ ಹಲವು ಅಂಶಗಳನ್ನು ಮೊದಲೇ ಹಾಕಿದ ಯೋಜನೆಯಂತೆ ಒಟ್ಟಿಗೇ ಬದಲಿಸಿ, ಫಲಿತಾಂಶದಲ್ಲಿ ಯಾವುದರ ಪಾಲೆಷ್ಟು ಎಂದು ಸಂಖ್ಯಾಶಾಸ್ತ್ರದಿಂದ ಬಿಡಿಸಿ ನೋಡುವ ವಿಧಾನ. ಇದು ಹುಟ್ಟಿದ್ದು ಹೊಲದಲ್ಲಿ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರವನ್ನು 1919ರಲ್ಲಿ ಸೇರಿದ ಆರ್. ಎ. ಫಿಶರ್, ಗೊಬ್ಬರ-ತಳಿಗಳ ಪರೀಕ್ಷೆಗೆ ಯಾದೃಚ್ಛಿಕ ಹಂಚಿಕೆ, ಪುನರಾವರ್ತನೆ, ಮಣ್ಣಿನ ವ್ಯತ್ಯಾಸ ತಗ್ಗಿಸಲು ಹೊಲವನ್ನು ಖಂಡಗಳಾಗಿ ವಿಂಗಡಿಸುವುದು ಎಂಬ ಮೂರು ಸೂತ್ರಗಳನ್ನು ರೂಪಿಸಿದರು. ಅವರ ‘ದಿ ಡಿಸೈನ್ ಆಫ್ ಎಕ್ಸ್‌ಪೆರಿಮೆಂಟ್ಸ್’ ಪ್ರಕಟವಾದದ್ದು 1935ರಲ್ಲಿ.

ಕಾರ್ಖಾನೆಯಲ್ಲಿ ಈ ವಿಧಾನಕ್ಕೆ ಅಡ್ಡಿಯಾದದ್ದು ಖರ್ಚು. ಏಳು ಅಂಶಗಳನ್ನು ಎರಡೆರಡು ಮಟ್ಟದಲ್ಲಿ ಪೂರ್ತಿ ಪರೀಕ್ಷಿಸಲು 128 ಪ್ರಯೋಗ ಬೇಕು. ಹೂವಿನಹಡಗಲಿಯಲ್ಲಿ 1920ರಲ್ಲಿ ಜನಿಸಿದ ಸಿ. ಆರ್. ರಾವ್, ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿದ್ದಾಗ 1940ರ ದಶಕದಲ್ಲಿ ಆರ್ಥಾಗನಲ್ ಅರೇ ಎಂಬ ಪ್ರಯೋಗ ಕೋಷ್ಟಕಗಳ ಗಣಿತವನ್ನು ಕಟ್ಟಿದರು. ಇಂಥ ಕೋಷ್ಟಕದ ಯಾವ ಎರಡು ಕಂಬಸಾಲುಗಳನ್ನು ತೆಗೆದುಕೊಂಡರೂ ಮಟ್ಟಗಳ ಎಲ್ಲ ಜೋಡಿಗಳೂ ಸಮಾನ ಸಂಖ್ಯೆಯಲ್ಲಿ ಬರುತ್ತವೆ. ಹಾಗಾಗಿ ಏಳು ಅಂಶಗಳ ಮುಖ್ಯ ಪರಿಣಾಮ ಅಳೆಯಲು ಎಂಟೇ ಪ್ರಯೋಗ ಸಾಕು. ಉಳಿತಾಯ ಪುಕ್ಕಟೆಯೇನಲ್ಲ: ಅಂಶಗಳ ಪರಸ್ಪರ ಪ್ರಭಾವಗಳು ಮುಖ್ಯ ಪರಿಣಾಮಗಳೊಡನೆ ಕಲಸಿಹೋಗುತ್ತವೆ.

ಜಪಾನಿನ ಗೆನಿಚಿ ತಗುಚಿ 1954–55ರಲ್ಲಿ ರಾವ್ ಇದ್ದ ಸಂಸ್ಥೆಗೇ ಬಂದಿದ್ದರು. ಮುಂದೆ ಅರೇಗಳನ್ನು ಎಂಜಿನಿಯರುಗಳ ಕೈಗಿತ್ತವರಲ್ಲಿ ಅವರೇ ಪ್ರಮುಖರು. 1953ರ ಇನಾ ಹೆಂಚು ಕಾರ್ಖಾನೆಯ ಪ್ರಯೋಗ ಅವರ ಪಂಥದ ಮೆಚ್ಚಿನ ಉದಾಹರಣೆ: ಗೂಡಿನ ಅಸಮ ಶಾಖವನ್ನು ಸರಿಪಡಿಸುವ ದುಬಾರಿ ಕೆಲಸಕ್ಕೆ ಹೋಗದೆ, ಮಿಶ್ರಣದ ಸುಣ್ಣಕಲ್ಲನ್ನು ಹೆಚ್ಚಿಸಿ ಅಳತೆಯ ಏರುಪೇರು ತಗ್ಗಿಸಲಾಯಿತು. ತಗುಚಿಯ ಎಂಜಿನಿಯರಿಂಗ್ ನೋಟವನ್ನು ಒಪ್ಪಿದ ಸಂಖ್ಯಾಶಾಸ್ತ್ರಜ್ಞರೂ ಅವರ ವಿಶ್ಲೇಷಣಾ ಕ್ರಮವನ್ನು ಟೀಕಿಸಿದ್ದಾರೆ; ಟೀಕೆ ನ್ಯಾಯವಾದದ್ದೇ.

ಇಂಗ್ಲೆಂಡಿನ ಐಸಿಐ ರಾಸಾಯನಿಕ ಕಂಪನಿಯಲ್ಲಿ ಜಾರ್ಜ್ ಬಾಕ್ಸ್ ಮತ್ತು ಕೆ. ಬಿ. ವಿಲ್ಸನ್ 1951ರಲ್ಲಿ ಬೇರೆಯೇ ದಾರಿ ತೋರಿದರು. ಒಂದು ಪ್ರಯೋಗದ ಫಲ ನೋಡಿ ಮುಂದಿನದನ್ನು ಯೋಜಿಸುತ್ತ, ಅತ್ಯುತ್ತಮ ತಾಪ-ಒತ್ತಡಗಳತ್ತ ಹೆಜ್ಜೆಯಿಡುವ ಕ್ರಮವದು. ಇಂಥ ವಿನ್ಯಾಸಗಳನ್ನು ಇನ್ನಷ್ಟು ಕಿರಿದುಗೊಳಿಸುವ ಬಗೆಯನ್ನು 1959ರಲ್ಲಿ ಪ್ರಕಟಿಸಿದ ಎಚ್. ಒ. ಹಾರ್ಟ್ಲಿ, 1963ರಲ್ಲಿ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿದರು.

ಅದೇ ಟೆಕ್ಸಾಸ್‌ನ ಡಲ್ಲಾಸ್-ಆಸ್ಟಿನ್‌ಗಳ ಚಿಪ್ ಉದ್ಯಮ ಈ ವಿಧಾನಕ್ಕೆ ಹೇಳಿಮಾಡಿಸಿದ ನೆಲ. ಅಮೆರಿಕದ ಚಿಪ್ ಕಂಪನಿಗಳು 1987ರಲ್ಲಿ ಕೂಡಿ ಕಟ್ಟಿದ ಸೆಮಾಟೆಕ್ ಮರುವರ್ಷ ಆಸ್ಟಿನ್‌ನಲ್ಲಿ ನೆಲೆಸಿತು. ರಾಷ್ಟ್ರೀಯ ಮಾನಕ ಸಂಸ್ಥೆಯಾದ ನಿಸ್ಟ್ ಜೊತೆ ಅದು ಸಿದ್ಧಪಡಿಸಿದ ಸಂಖ್ಯಾಶಾಸ್ತ್ರ ಕೈಪಿಡಿಯಲ್ಲಿ ಪ್ರಯೋಗ ವಿನ್ಯಾಸಕ್ಕೆ ವಿಸ್ತಾರವಾದ ಸ್ಥಾನವಿದೆ. ಆದರೆ ಚಿಪ್ ತಯಾರಿಕೆಯಲ್ಲಿ ಯಾದೃಚ್ಛಿಕ ಕ್ರಮ ಸುಲಭವಲ್ಲ. ಕುಲುಮೆಯ ತಾಪವನ್ನು ಒಂದೊಂದು ವೇಫರ್‌ಗೂ (ಚಿಪ್‌ಗಳನ್ನು ರೂಪಿಸುವ ಸಿಲಿಕಾನ್ ಬಿಲ್ಲೆಗೂ) ಬದಲಿಸಲಾಗದು, ವೇಫರ್‌ಗಳ ಇಡೀ ತಂಡ ಒಂದೇ ತಾಪದಲ್ಲಿ ಬೇಯುತ್ತದೆ. ಆಗ ತಂಡದ ಮಟ್ಟಕ್ಕೊಂದು, ವೇಫರ್ ಮಟ್ಟಕ್ಕೊಂದು ದೋಷವನ್ನು ಬೇರೆ ಬೇರೆ ಲೆಕ್ಕ ಹಾಕುವ ಸ್ಪ್ಲಿಟ್-ಪ್ಲಾಟ್ ವಿನ್ಯಾಸ ಬೇಕು. ಪ್ರತಿ ವೇಫರನ್ನೂ ಸ್ವತಂತ್ರ ಪ್ರಯೋಗವೆಂದು ಎಣಿಸಿದರೆ, ಇಲ್ಲದ ತಾಪಪರಿಣಾಮವೂ ಇದ್ದಂತೆ ಕಂಡೀತು.