ಮಾರ್ಕ್ಯಾಂಟೋನಿಯೊ, ವಿಟೊ (1902–1954)

ಅಮೆರಿಕದ ಎಡಪಂಥೀಯ ರಾಜಕಾರಣಿ, ವಕೀಲ. ನ್ಯೂಯಾರ್ಕ್ ನಗರದ ಈಸ್ಟ್ ಹಾರ್ಲೆಮ್‌ನಿಂದ ಏಳು ಬಾರಿ ಪ್ರತಿನಿಧಿ ಸಭೆಗೆ ಆಯ್ಕೆಯಾದ. ಅದೇ ಕೇರಿಯ ಇಟಾಲಿಯನ್ ಮೂಲದ ಕುಟುಂಬವೊಂದರಲ್ಲಿ 1902ರ ಡಿಸೆಂಬರ್ 10ರಂದು ಹುಟ್ಟಿ, ಕೊನೆಯವರೆಗೂ ಅಲ್ಲೇ ಮನೆ ಮಾಡಿಕೊಂಡಿದ್ದ. ಪ್ರೌಢಶಾಲೆಯ ಸಭೆಯೊಂದರಲ್ಲಿ ಹುಡುಗ ವೃದ್ಧಾಪ್ಯ ವೇತನದ ಪರವಾಗಿ ಮಾತಾಡಿದ್ದನ್ನು ಕೇಳಿದ ರಾಜಕಾರಣಿ ಫಿಯೊರೆಲ್ಲೊ ಲಾ ಗಾರ್ಡಿಯಾ ಅವನನ್ನು ತನ್ನ ಶಿಷ್ಯನನ್ನಾಗಿ ಮಾಡಿಕೊಂಡ. 1924ರಲ್ಲಿ ಲಾ ಗಾರ್ಡಿಯಾನ ಚುನಾವಣಾ ಪ್ರಚಾರದ ಹೊಣೆ ಹೊತ್ತ ಮಾರ್ಕ್ಯಾಂಟೋನಿಯೊ ಮರುವರ್ಷ ಕಾನೂನು ಪದವಿ ಪಡೆದ. 1934ರಲ್ಲಿ ಗುರುವಿನ ಹಳೆಯ ಕ್ಷೇತ್ರದಿಂದ ರಿಪಬ್ಲಿಕನ್ ಅಭ್ಯರ್ಥಿಯಾಗಿ ಗೆದ್ದು, 1936ರಲ್ಲಿ ಸೋತು, 1938ರಲ್ಲಿ ಅಮೆರಿಕನ್ ಲೇಬರ್ ಪಕ್ಷದವನಾಗಿ ಮರಳಿದ.

ಈತನ ಬಲವೆಲ್ಲ ಇದ್ದದ್ದು ಕ್ಷೇತ್ರದ ಕಚೇರಿಯಲ್ಲಿ. ವಾರಾಂತ್ಯಕ್ಕೆ ವಾಷಿಂಗ್ಟನ್‌ನಿಂದ ಬಂದು ಕೂತರೆ ಬಾಡಿಗೆ, ಪರಿಹಾರಧನ, ಪೌರತ್ವದ ಕಾಗದ ಎಂದು ಜನ ಸಾಲುಗಟ್ಟುತ್ತಿದ್ದರು. ಇಟಾಲಿಯನ್ನರೊಡನೆ ಇಟಾಲಿಯನ್, ಪೋರ್ಟೊರಿಕೊದವರೊಡನೆ ಸ್ಪ್ಯಾನಿಷ್ ಮಾತಾಡುತ್ತಿದ್ದ. ಈತ ಕಮ್ಯುನಿಸ್ಟರಿಗೆ ಹತ್ತಿರದವನಾಗಿದ್ದರೂ, ಹಾಗೆ ಬಂದವರಲ್ಲಿ ಬಹುಪಾಲು ಜನರಿಗೆ ಕಮ್ಯುನಿಸಂ ಬೇಕಾಗಿರಲಿಲ್ಲ, ಕೆಲಸ ಆಗಬೇಕಿತ್ತು. 1942 ಮತ್ತು 1944ರಲ್ಲಿ ತನ್ನ ಪಕ್ಷದ ಜೊತೆಗೆ ಡೆಮಾಕ್ರಟಿಕ್, ರಿಪಬ್ಲಿಕನ್ ಎರಡೂ ಪಕ್ಷಗಳ ಪ್ರಾಥಮಿಕ (ಅಭ್ಯರ್ಥಿ ಆಯ್ಕೆಯ) ಚುನಾವಣೆಗಳನ್ನೂ ಗೆದ್ದದ್ದು ಇದರಿಂದಲೇ. ಈ ದಾರಿ ಮುಚ್ಚಲೆಂದು ನ್ಯೂಯಾರ್ಕ್ ರಾಜ್ಯ 1947ರಲ್ಲಿ ವಿಲ್ಸನ್–ಪಕುಲಾ ಕಾನೂನು ತಂದಿತು: ಒಂದು ಪಕ್ಷದ ಪ್ರಾಥಮಿಕ ಚುನಾವಣೆಗೆ ಬೇರೆ ಪಕ್ಷದವರು ನಿಲ್ಲಬೇಕಾದರೆ ಆ ಪಕ್ಷದ ನಾಯಕರು ಒಪ್ಪಬೇಕು. ಒಬ್ಬನನ್ನು ಕಟ್ಟಿಹಾಕಲು ಮಾಡಿದ ಕಾನೂನು ಅಲ್ಲಿ ಇಂದಿಗೂ ಜಾರಿಯಲ್ಲಿದೆ. 1948ರಲ್ಲಿ ಲೇಬರ್ ಪಕ್ಷವೊಂದರ ಹೆಸರಲ್ಲೇ ನಿಂತು ಮತ್ತೆ ಗೆದ್ದ.

ದಕ್ಷಿಣದ ರಾಜ್ಯಗಳಲ್ಲಿ ಮತ ಹಾಕಲು ತೆರಿಗೆ ಕಟ್ಟಬೇಕಿದ್ದ ಪದ್ಧತಿ ಕಪ್ಪು ಜನರನ್ನೂ ಬಡ ಬಿಳಿಯರನ್ನೂ ಮತಗಟ್ಟೆಯಿಂದ ದೂರವಿಟ್ಟಿತ್ತು. ಅದನ್ನು ರದ್ದುಮಾಡುವ ಈತನ ಮಸೂದೆಗೆ 1943ರಲ್ಲಿ ಕೆಳಮನೆ ಒಪ್ಪಿತು. ಸೆನೆಟ್‌ನಲ್ಲಿ ದಕ್ಷಿಣದ ಸದಸ್ಯರು ಅದನ್ನು ಮುಂದೆ ಹೋಗಗೊಡಲಿಲ್ಲ. ಪೋರ್ಟೊರಿಕೊದ ಸ್ವಾತಂತ್ರ್ಯಕ್ಕೂ ಮಸೂದೆ ಮಂಡಿಸಿದ, ಅಲ್ಲಿನ ಹೋರಾಟಗಾರ ಪೇದ್ರೊ ಅಲ್ಬಿಸು ಕಾಂಪೋಸ್‌ನ ಪರ ವಕಾಲತ್ತು ವಹಿಸಿದ. ವಿದೇಶ ನೀತಿಯಲ್ಲಿ ಮಾತ್ರ ಕಮ್ಯುನಿಸ್ಟರ ನಿಲುವಿನಿಂದ ಈತನನ್ನು ಬಿಡಿಸಿ ನೋಡುವುದು ಕಷ್ಟ. 1941ರ ಜೂನ್‌ವರೆಗೆ ಯುದ್ಧಸಿದ್ಧತೆಯನ್ನು ಕಟುವಾಗಿ ವಿರೋಧಿಸಿದವನು, ಹಿಟ್ಲರ್ ಸೋವಿಯತ್ ಒಕ್ಕೂಟದ ಮೇಲೆ ಬಿದ್ದ ಮೇಲೆ ಯುದ್ಧದ ಪರ ತಿರುಗಿದ. ಅಭಿಮಾನಿಗಳು ಏನೇ ಸಮಜಾಯಿಷಿ ಕೊಟ್ಟರೂ ಈ ತಿರುವು ಒಪ್ಪುವಂಥದಲ್ಲ.

1949ರಲ್ಲಿ ನ್ಯೂಯಾರ್ಕ್ ಮೇಯರ್ ಸ್ಥಾನಕ್ಕೆ ನಿಂತು ಮೂರನೆಯವನಾದ. 1950ರ ಜೂನ್‌ನಲ್ಲಿ ಕೊರಿಯಾಕ್ಕೆ ಸೇನೆ ನುಗ್ಗಿಸುವುದನ್ನು ಕೆಳಮನೆಯಲ್ಲಿ ವಿರೋಧಿಸಿ ನಿಂತವನು ಈತನೊಬ್ಬನೇ. ಅದೇ ವರ್ಷ ಕ್ಯಾಲಿಫೋರ್ನಿಯಾದಲ್ಲಿ ರಿಚರ್ಡ್ ನಿಕ್ಸನ್ ತನ್ನ ಎದುರಾಳಿ ಹೆಲೆನ್ ಗಹಾಗನ್ ಡಗ್ಲಸ್, ಮಾರ್ಕ್ಯಾಂಟೋನಿಯೊನಂತೆಯೇ 354 ಬಾರಿ ಮತ ಹಾಕಿದ್ದಾಳೆಂದು ಗುಲಾಬಿ ಬಣ್ಣದ ಕರಪತ್ರ ಹಂಚಿಸಿದ. ಅಷ್ಟರಮಟ್ಟಿಗೆ ಈತನ ಹೆಸರೇ ಒಂದು ಆರೋಪವಾಗಿತ್ತು. ಆ ನವೆಂಬರ್‌ನಲ್ಲಿ ಡೆಮಾಕ್ರಟಿಕ್, ರಿಪಬ್ಲಿಕನ್, ಲಿಬರಲ್ ಪಕ್ಷಗಳು ಜೇಮ್ಸ್ ಡೊನೊವನ್ ಒಬ್ಬನ ಹಿಂದೆ ಒಂದಾದವು. ಆದರೂ ಈತನಿಗೆ ಶೇಕಡಾ 40ಕ್ಕೂ ಹೆಚ್ಚು ಮತ ಬಿತ್ತು, ಗೆಲುವು ದಕ್ಕಲಿಲ್ಲ.

ವಕೀಲಿಗೆ ಮರಳಿ, ವಿದೇಶಿ ಏಜೆಂಟೆಂದು ಆಪಾದಿತನಾದ ಚಿಂತಕ ಡಬ್ಲ್ಯು. ಇ. ಬಿ. ಡು ಬಾಯ್ಸ್‌ನ ಪರ 1951ರಲ್ಲಿ ವಾದಿಸಿದ; ಪ್ರಕರಣ ವಜಾ ಆಯಿತು. 1953ರಲ್ಲಿ ಲೇಬರ್ ಪಕ್ಷ ತೊರೆದು ಮತ್ತೊಮ್ಮೆ ಚುನಾವಣೆಗೆ ಸಿದ್ಧನಾಗುತ್ತಿರುವಾಗಲೇ, 1954ರ ಆಗಸ್ಟ್ 9ರಂದು ಸಿಟಿ ಹಾಲ್ ಬಳಿ ಬ್ರಾಡ್‌ವೇಯಲ್ಲಿ ಹೃದಯಾಘಾತದಿಂದ ಕುಸಿದು ಸತ್ತ. ಕ್ಯಾಥೊಲಿಕ್ ಧರ್ಮಾಧಿಕಾರಿಗಳು ಚರ್ಚಿನ ಅಂತ್ಯವಿಧಿಗೆ ಒಪ್ಪದ್ದರಿಂದ ಬ್ರಾಂಕ್ಸ್‌ನ ವುಡ್‌ಲಾನ್ ಸ್ಮಶಾನದಲ್ಲಿ ಮಣ್ಣು ಮಾಡಲಾಯಿತು.