ಧಣಿ, ಒಕ್ಕಲು ಮತ್ತು ಮಾತು: ಕಾಸರಗೋಡಿನ ಇನ್ನೊಂದು ಗಡಿ

ಕಾಸರಗೋಡು ಅಂದ ಕೂಡಲೇ ನಾವು ರಾಜ್ಯದ ಗಡಿಯ ಬಗ್ಗೆ ಮಾತಾಡ್ತೇವೆ: 1956ರ ನವೆಂಬರ್ 1, ಕನ್ನಡವೋ ಮಲಯಾಳವೋ ಎಂಬ ಪ್ರಶ್ನೆ. ಅಲ್ಲಿ ಅದಕ್ಕಿಂತ ಹಳೆಯ ಗಡಿಯೊಂದಿತ್ತು. ಧಣಿ ಕೂರುವ ಜಗಲಿಗೂ ಒಕ್ಕಲು ನಿಲ್ಲುವ ಅಂಗಳಕ್ಕೂ ನಡುವಿನ ಗಡಿ ಅದು. ಅದನ್ನು ಕಾಯುತ್ತಿದ್ದದ್ದು ಬಹುಮಟ್ಟಿಗೆ ಮಾತು.

ಕಾಸರಗೋಡಿಗೆ ತಾಗಿದ ಮಲಬಾರಿನಲ್ಲಿ ಕಲೆಕ್ಟರ್ ಆಗಿದ್ದ ವಿಲಿಯಂ ಲೋಗನ್, 1887ರ ‘ಮಲಬಾರ್ ಮ್ಯಾನ್ಯುಯಲ್’ನಲ್ಲಿ ಅಲ್ಲಿನ ಮನೆಗಳ ಹೆಸರು ಕೊಡ್ತಾರೆ. ನಂಬೂದಿರಿಯದು ಇಲ್ಲಂ, ನಾಯರದು ವೀಡು, ಚೆರುಮರದು ಚಾಳ. ಮನೆಯನ್ನು ಏನಂತ ಕರೀತಾರೆ ಅಂದರೆ ಸಾಕು, ಜಾತಿ ಗೊತ್ತಾಗ್ತದೆ. ಒಡೆಯನ ಮುಂದೆ ಕೆಳಗಿನವರು ತಮ್ಮನ್ನು ‘ಅಡಿಯನ್’ ಅಂತಲೇ ಹೇಳಿಕೊಳ್ಳಬೇಕಿತ್ತು. ಅಡಿಯಾಳು ಎಂದು ಅರ್ಥ. ಕನ್ನಡದಲ್ಲಿ ಈ ಕೆಲಸ ಮಾಡಿದ್ದು ಏಕವಚನ, ಬಹುವಚನ. ಧಣಿಯ ಮನೆಯ ಹುಡುಗ ಮುದಿ ಒಕ್ಕಲನ್ನೂ ‘ನೀನು’ ಅನ್ನಬಹುದಿತ್ತು. ತಿರುಗಿ ಬರುತ್ತಿದ್ದದ್ದು ‘ನೀವು’.

ಇದನ್ನು ಬರೀ ಮರ್ಯಾದೆ ಅಂತ ಓದಿದರೆ ಅರ್ಧ ಬಿಟ್ಟ ಹಾಗೆ. ಮೂಲಗೇಣಿಯವನಿಗೆ ಕಾಯಂ ಹಕ್ಕಿತ್ತು, ಚಾಲಗೇಣಿಯವನಿಗೆ ಇರಲಿಲ್ಲ. ಧಣಿ ಮುನಿದರೆ ಗದ್ದೆ ಹೋಯ್ತು. ತಗ್ಗಿದ ದನಿಯ ಹಿಂದೆ ಹೊಟ್ಟೆಪಾಡಿನ ಲೆಕ್ಕವೂ ಇತ್ತು.

ಆ ದನಿ ಏರಿದ್ದು ಕಯ್ಯೂರಿನಲ್ಲಿ. ಆಗ ಆ ಊರು ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. 1941ರ ಮಾರ್ಚ್‌ನಲ್ಲಿ ರೈತರ ಮೆರವಣಿಗೆಯ ಹೊತ್ತಿಗೆ ಪೊಲೀಸನೊಬ್ಬ ಹೊಳೆಯಲ್ಲಿ ಮುಳುಗಿ ಸತ್ತ. 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ನಾಲ್ವರನ್ನು ಗಲ್ಲಿಗೇರಿಸಿದರು. ಅವರಲ್ಲಿ ನಾಯರೂ ಇದ್ದರು, ಮುಸಲ್ಮಾನರೂ ಇದ್ದರು. ಮಲಯಾಳ ಮಾತಾಡುವ ಈ ರೈತರ ಕಥೆಯನ್ನು ನಿರಂಜನರು ‘ಚಿರಸ್ಮರಣೆ’ಯಲ್ಲಿ ಬರೆದದ್ದು ಕನ್ನಡದಲ್ಲಿ. ಧಣಿ-ಒಕ್ಕಲು ಸಂಬಂಧಕ್ಕೆ ಭಾಷೆಯ ಗಡಿ ಇರಲಿಲ್ಲ, ಹಾಗಾಗಿ ಅದರ ಕಥೆಗೂ ಇರಲಿಲ್ಲ.

ಕೇರಳದ ಭೂಸುಧಾರಣೆ 1970ರ ಜನವರಿ 1ರಿಂದ ಗೇಣಿ ಪದ್ಧತಿಯನ್ನು ಕೊನೆಗೊಳಿಸಿತು. ಒಕ್ಕಲು ಭೂಮಿಯ ಒಡೆಯನಾದ. ಕಾನೂನು ಜಮೀನಿನ ಪತ್ರವನ್ನು ಬದಲಿಸಬಲ್ಲದು. ಯಾರನ್ನು ‘ನೀನು’, ಯಾರನ್ನು ‘ನೀವು’ ಅನ್ನಬೇಕು ಅಂತ ಅದು ಹೇಳುವುದಿಲ್ಲ. ಅದನ್ನು ಜನರೇ ಮನೆಯಲ್ಲಿ, ಅಂಗಡಿಯಲ್ಲಿ, ಶಾಲೆಯಲ್ಲಿ ಬದಲಿಸಿಕೊಳ್ಳಬೇಕು.

ನನ್ನ ಕೋರಿಕೆ ಇಷ್ಟೇ. ಗಡಿನಾಡಿನ ಕನ್ನಡ ಉಳಿಯಬೇಕು ಅನ್ನುವಾಗ, ಯಾರು ಯಾರೊಂದಿಗೆ ಆಡಿದ ಕನ್ನಡ ಎಂದೂ ಕೇಳೋಣ. ಜಗಲಿಯ ಕನ್ನಡ ನಮ್ಮ ದಾಖಲೆಗಳಲ್ಲಿ ಸುಲಭವಾಗಿ ಸಿಗ್ತದೆ. ಅಂಗಳದ ಕನ್ನಡವನ್ನು ಹುಡುಕಿಕೊಂಡು ಹೋಗಬೇಕು.