'ನೀವು ಯಾವ ಪೈಕಿ?' ಅಂತ ಕೇಳದೆ ಗಾಯ ಕೇಳೋದು ಹೇಗೆ?

ಇವತ್ತಿನ ಪ್ರಶ್ನೆ ಇದು: ಜಾತಿಯ ಅವಮಾನದಿಂದ ಕುಗ್ಗಿಹೋದ ಹುಡುಗ ಹುಡುಗಿಯರ ಮಾತು ಕೇಳಿಸಿಕೊಳ್ಳೋದನ್ನ ನಮ್ಮ ಕೌನ್ಸೆಲರ್‌ಗಳಿಗೆ ಕಲಿಸೋದು ಹೇಗೆ?

ಮೊದಲು ಅಮೆರಿಕ ನೋಡ್ಕೊಂಡು ಬರೋಣ. ಕೆನೆತ್ ಮತ್ತು ಮೇಮಿ ಕ್ಲಾರ್ಕ್, ಕಪ್ಪು ಮನಶ್ಶಾಸ್ತ್ರಜ್ಞ ದಂಪತಿ. ಮಕ್ಕಳ ಮುಂದೆ ಕಪ್ಪು ಗೊಂಬೆ, ಬಿಳಿ ಗೊಂಬೆ ಇಟ್ಟು 'ಯಾವುದು ಚೆಂದ?' ಅಂದ್ರು. ಬಹಳಷ್ಟು ಕಪ್ಪು ಮಕ್ಕಳು ಬಿಳಿ ಗೊಂಬೆಯನ್ನೇ ತೋರಿಸಿದವು. 1946ರಲ್ಲಿ ಈ ದಂಪತಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಮಕ್ಕಳ ಮನಸ್ಸಿನ ಚಿಕಿತ್ಸೆಗೆ ಕೇಂದ್ರ ತೆರೆದ್ರು. ಶಾಲೆಗಳಲ್ಲಿ ವರ್ಣಭೇದ ತಪ್ಪು ಅಂದ 1954ರ ಸುಪ್ರೀಂ ಕೋರ್ಟ್ ತೀರ್ಪು ಕೆನೆತ್ ಕ್ಲಾರ್ಕ್ ಬರಹವನ್ನೂ ಉಲ್ಲೇಖಿಸಿತು.

ಈಗ ನಮ್ಮ ಕಡೆ ಬರೋಣ. ಹಳ್ಳಿ ಡಾಕ್ಟರಿಗೂ ಮನೋರೋಗ ಗುರುತಿಸೋದನ್ನ ಕಲಿಸಬಹುದು ಅಂತ ನಿಮ್ಹಾನ್ಸ್ 1970ರ ದಶಕದಲ್ಲೇ ಬೆಂಗಳೂರು ಹತ್ತಿರದ ಸಕಲವಾರದಲ್ಲಿ ತೋರಿಸ್ತು. 1985ರಲ್ಲಿ ಬಳ್ಳಾರಿ ಜಿಲ್ಲೆ ಪೂರ್ತಿ ಅದೇ ಪ್ರಯೋಗ. ಆ ಮಾದರಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆಯ್ತು. ಆಮೇಲೆ ನಮ್ಮ ರಾಜ್ಯದ 'ಮನೋಚೈತನ್ಯ' ಯೋಜನೆ: ಮಂಗಳವಾರ ಮನೋವೈದ್ಯರೇ ತಾಲ್ಲೂಕು ಆಸ್ಪತ್ರೆಗೆ ಬರಬೇಕು. ಮಧುಗಿರಿ, ಶಿರಾ, ಕೊರಟಗೆರೆಯವರಿಗೆ, ಅದರಲ್ಲೂ ಆಂಧ್ರದೊಳಗೆ ಚಾಚಿಕೊಂಡಿರೋ ಪಾವಗಡದವರಿಗೆ ಇದು ಸಣ್ಣ ವಿಷಯ ಅಲ್ಲ.

ನಾನು ಬಿ.ಕಾಂ. ಓದಿದವನು, ಲೆಕ್ಕದಲ್ಲಿ ಖಾಲಿ ಕಾಲಂ ಬೇಗ ಕಣ್ಣಿಗೆ ಬೀಳುತ್ತೆ. 2017ರ ಮಾನಸಿಕ ಆರೋಗ್ಯ ಕಾಯ್ದೆ, ಚಿಕಿತ್ಸೆ ಕೊಡೋವಾಗ ಜಾತಿ ಭೇದ ಮಾಡಬಾರದು ಅನ್ನುತ್ತೆ. ಸರಿ. ಆದ್ರೆ ಗಾಯ ಮಾಡಿದ್ದೇ ಜಾತಿ ಆಗಿದ್ರೆ? 'ನಿದ್ದೆ ಬರುತ್ತಾ, ಊಟ ಸೇರುತ್ತಾ' ಅಂತ ಕೇಳಿ ಮಾತ್ರೆ ಬರೆದ್ರೆ ಅದು ಗೊತ್ತೇ ಆಗಲ್ಲ. ಕೊರಟಗೆರೆ, ಪಾವಗಡ ಎರಡೂ ಪರಿಶಿಷ್ಟ ಜಾತಿ ಮೀಸಲು ಕ್ಷೇತ್ರಗಳು. ಅಲ್ಲಿನ ಎಷ್ಟೋ ಮಕ್ಕಳಿಗೆ ಇದು ದಿನನಿತ್ಯದ ಪ್ರಶ್ನೆ.

ಹಾಗಂತ ನೇರವಾಗಿ ಜಾತಿ ಕೇಳೋಕಾಗಲ್ಲ. ನಮ್ಮೂರುಗಳಲ್ಲಿ 'ನೀವು ಯಾವ ಪೈಕಿ?' ಅನ್ನೋ ಮಾತೇ ಚುಚ್ಚುತ್ತೆ. ಅದಕ್ಕೇ ತರಬೇತಿ ಬೇಕು. 'ಕ್ಲಾಸಲ್ಲಿ ಯಾರ ಪಕ್ಕ ಕೂರ್ತೀಯ? ಗೆಳೆಯರ ಮನೆ ಒಳಗೆ ಹೋಗ್ತೀಯ?' ಅಂತ ಕೇಳಿ, ಸುಮ್ಮನೆ ಕಾಯೋದು ಕಲಿಬೇಕು. 'ಅದನ್ನೆಲ್ಲ ತಲೆಗೆ ಹಚ್ಕೋಬೇಡ' ಅನ್ನೋದನ್ನ ಬಿಡೋದೂ ಕಲಿಬೇಕು. ಪಠ್ಯಕ್ಕೇನೂ ಬರ ಇಲ್ಲ: ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' 1994ರಿಂದ ಕನ್ನಡದಲ್ಲೇ ಇದೆ.

ಮಾತಾಡಬೇಕು ಅನ್ನಿಸಿದ್ರೆ ಟೆಲಿ ಮಾನಸ್ ನಂಬರ್ 14416, ಉಚಿತ, ಕನ್ನಡದಲ್ಲೂ ಮಾತಾಡಬಹುದು. ಆ ಕಡೆ ಫೋನ್ ಎತ್ತೋರಿಗೆ ಈ ಪ್ರಶ್ನೆಗಳು ಗೊತ್ತಿರಲಿ ಅನ್ನೋದೇ ನನ್ನ ಒತ್ತಾಯ. ಮುಂದಿನ ವಾರ ಸಿಗೋಣ.